ಎರಡನೇ ಪಾಲು

ನಮ್ಮ ಊರಿನಲ್ಲಿ ಮಾತಿಗೆ ಬರ. ಹತ್ತು ಮಾತಿನಲ್ಲಿ ಹೇಳುವುದನ್ನು ಒಂದರಲ್ಲಿ ಹೇಳಿದವನು ಜಾಣ, ಆ ಒಂದನ್ನೂ ನುಂಗಿಕೊಂಡವನು ಮಹಾಜಾಣ. ಇಂಥ ಸ್ಪಾರ್ಟಾದಲ್ಲಿ ನನ್ನಂಥ ವಾಚಾಳಿ ಹೇಗೆ ಹುಟ್ಟಿದಳೋ ದೇವರೇ ಬಲ್ಲ. ಚಿಕ್ಕವಳಿದ್ದಾಗ ಅಮ್ಮ, "ಫಯೆನ್ನಾ, ಆ ನಾಲಿಗೆಗೆ ಒಂಚೂರು ಬಿಡುವು ಕೊಡೇ" ಅನ್ನುತ್ತಿದ್ದಳು. ಈಗ ನನಗೇ ವಯಸ್ಸಾಗಿದೆ, ಹಾಗನ್ನುವವರು ಯಾರೂ ಉಳಿದಿಲ್ಲ. ಆದ್ದರಿಂದ ಏನೂ ಬಿಡದೆ ಹೇಳುತ್ತೇನೆ.

ಕೆಟ್ಟದ್ದನ್ನು ಮೊದಲೇ ಹೇಳಿ ಮುಗಿಸಿಬಿಡುವುದು ಒಳ್ಳೆಯದು. ನನ್ನ ತಮ್ಮ ತೆಲ್ಲಿಸ್ ಯುದ್ಧದಲ್ಲಿ ಓಡಿದ. ಅರ್ಕೇಡಿಯಾದ ಗಡಿಯಲ್ಲಿ, ಒಂದು ತೊರೆಯ ದಂಡೆಯ ಮೇಲೆ ನಡೆದ ಸಣ್ಣ ಕಾಳಗ. ಅವನಿಗೆ ಇಪ್ಪತ್ತು ವರ್ಷ. ಪಕ್ಕದಲ್ಲಿದ್ದ ಹುಡುಗ ಬಿದ್ದ, ಇವನು ಗುರಾಣಿ ಎಸೆದು ಹಿಂದಕ್ಕೆ ಓಡಿದ. ನಲವತ್ತು ಹೆಜ್ಜೆ. ಆಮೇಲೆ ನಿಂತ, ತಿರುಗಿದ, ಅಷ್ಟೇ ಜೋರಾಗಿ ವಾಪಸ್ಸು ಓಡಿ ಬಂದ. ಅಷ್ಟರಲ್ಲಿ ಅವನ ಜಾಗಕ್ಕೆ ಹಿಂದಿನ ಸಾಲಿನವನು ಬಂದು ನಿಂತಾಗಿತ್ತು. ಊರು ಹಿಂದಕ್ಕೆ ಹೋದ ನಲವತ್ತು ಹೆಜ್ಜೆಯನ್ನು ಎಣಿಸಿತು, ಮುಂದಕ್ಕೆ ಬಂದ ನಲವತ್ತನ್ನು ಎಣಿಸಲಿಲ್ಲ.

ಅಂಥವನನ್ನು ನಮ್ಮಲ್ಲಿ 'ನಡುಗಿದವ' ಅನ್ನುತ್ತಾರೆ. ಅವನು ಗಡ್ಡವನ್ನು ಒಂದು ಕೆನ್ನೆಯ ಮೇಲೆ ಬೋಳಿಸಿ ಇನ್ನೊಂದು ಕೆನ್ನೆಯ ಮೇಲೆ ಬಿಡಬೇಕು. ತೇಪೆ ಹಾಕಿದ ಹೊದಿಕೆ ಹೊದೆಯಬೇಕು. ದಾರಿಯಲ್ಲಿ ಯಾರೇ ಎದುರಾದರೂ, ನಿನ್ನೆ ಮೊನ್ನೆ ಹುಟ್ಟಿದವರಾದರೂ, ಸರಿದು ನಿಲ್ಲಬೇಕು, ಕೂತಿದ್ದರೆ ಏಳಬೇಕು. ಚೆಂಡಾಟದಲ್ಲಿ ಎರಡು ಗುಂಪಿನವರೂ ಅವನನ್ನು ಕರೆಯುವುದಿಲ್ಲ. ಅವನ ಅಕ್ಕತಂಗಿಯರನ್ನು ಯಾರೂ ಮದುವೆಯಾಗುವುದಿಲ್ಲ. ನನಗೆ ಗೊತ್ತು ಮಾಡಿದ್ದ ಗಂಡು ನಾಲ್ಕೇ ದಿನಕ್ಕೆ ಮಾತು ಹಿಂದಕ್ಕೆ ತೆಗೆದುಕೊಂಡ. ಅವನ ಮೂಗು ವಿಪರೀತ ಉದ್ದವಿತ್ತು, ಹಾಗಾಗಿ ನಾನು ಹೆಚ್ಚು ಅಳಲಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಶಿಕ್ಷೆ ಊಟದ್ದು. ನಮ್ಮ ಗಂಡಸರು ರಾತ್ರಿಯೂಟ ಮನೆಯಲ್ಲಿ ಮಾಡುವುದಿಲ್ಲ. ರಾಜನೇ ಆದರೂ ಸಂಜೆಯಾದೊಡನೆ ತನ್ನ ಪಂಕ್ತಿಯ ಮನೆಗೆ ಹೋಗಬೇಕು, ಹದಿನೈದು ಜನರ ನಡುವೆ ಕೂತು ಹಂದಿರಕ್ತದ ಕರಿಸಾರು ಕುಡಿಯಬೇಕು. ಪಂಕ್ತಿ ಇಲ್ಲದವನು ನಮ್ಮ ಲೆಕ್ಕದಲ್ಲಿ ಗಂಡಸೇ ಅಲ್ಲ. ತೆಲ್ಲಿಸನ ಪಂಕ್ತಿಯವರು ಅವನನ್ನು ಹೊರಗೆ ಹಾಕಿದರು. ಮೊದಲ ಸಂಜೆ ಅವನು ಮನೆಯಲ್ಲಿ ತಟ್ಟೆ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತ. ಅಮ್ಮ ತನ್ನ ರೊಟ್ಟಿ ತೆಗೆದುಕೊಂಡು ಹೋಗಿ ಅವನಿಗೂ ಗೋಡೆಗೂ ನಡುವೆ ಕೂತಳು. ಅಪ್ಪ ಎಂದೋ ಯುದ್ಧದಲ್ಲಿ ತೀರಿಕೊಂಡಿದ್ದ. ಮನೆಯಲ್ಲಿ ನಾವು ಮೂವರು, ಅಡುಗೆಗೆ ಹೆಲಟರ, ಅಂದರೆ ನಮ್ಮೂರಿನ ಜೀತದಾಳುಗಳ, ಪೈಕಿ ಒಬ್ಬ ಮುದುಕಿ, ಅಷ್ಟೇ. ಅಡುಗೆ ಮುದುಕಿಯದಾದರೂ ಆ ದಿನದಿಂದ ಜವೆಗೋಧಿಯ ರೊಟ್ಟಿಯನ್ನು ಮಾತ್ರ ಅಮ್ಮನೇ ತಟ್ಟಿದಳು. ಎರಡು ವರ್ಷದಲ್ಲಿ ಒಂದು ಸಂಜೆಯೂ ಅವಳು ಹೊರಗೆ ಹೋಗಲಿಲ್ಲ. ಹಬ್ಬಕ್ಕೆ ಹೋಗಲಿಲ್ಲ, ಹೆಂಗಸರ ಹಾಡಿಗೆ ಹೋಗಲಿಲ್ಲ. ಅವಳಿಗೆ ನಾಚಿಕೆ, ಮುಖ ತೋರಿಸಲಾರಳು ಎಂದು ಊರು ತಿಳಿಯಿತು. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಮಗ ಒಬ್ಬನೇ ಉಣ್ಣಬಾರದು ಅನ್ನುವುದೊಂದೇ ಅವಳ ಹಟ.

ಓಡಿಬಂದ ಮಗನಿಗೆ ಬಾಗಿಲು ಹಾಕಿದ ತಾಯಂದಿರ ಮೇಲೆ ನಮ್ಮಲ್ಲಿ ಹಾಡು ಕಟ್ಟುತ್ತಾರೆ. ಬಾಗಿಲು ತೆರೆದ ಅರಾತಾಳ ಮೇಲೆ, ಅಂದರೆ ನನ್ನ ಅಮ್ಮನ ಮೇಲೆ, ಗಾದೆ ಎಸೆದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದರು. ನಮ್ಮ ಹೊಸ್ತಿಲನ್ನು ಯಾರೂ ದಾಟಲಿಲ್ಲ. ಅವನ ಗಡ್ಡವನ್ನು ಅಮ್ಮನೇ ಬೋಳಿಸುತ್ತಿದ್ದಳು, ಯಾಕೆಂದರೆ ಬೇರೆಯವರು ಬೇಕೆಂದೇ ಗಾಯ ಮಾಡುತ್ತಿದ್ದರು. ಬೆಳಿಗ್ಗೆ ನೀರು ಕಾಯಿಸಿ ಕೊಡುವುದು ನನ್ನ ಕೆಲಸ.

ಈಗ ಸೋದರಮಾವ ಖೈರೋನನ ವಿಷಯ. ಅಮ್ಮನ ಒಬ್ಬನೇ ಅಣ್ಣ. ಅರವತ್ತು ದಾಟಿದ್ದ, ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಬಿಯಾ ಅನ್ನುವ ಮುದಿ ಬೇಟೆನಾಯಿ ಅವನ ನೆರಳಿನಂತೆ ಹಿಂದೆಯೇ ಇರುತ್ತಿತ್ತು. ಊರಿಗೆ ಮಾತಿನ ಬರವಾದರೆ ನಮ್ಮ ಮಾವನಿಗೆ ಮಾತಿನ ಕ್ಷಾಮ. ತೆಲ್ಲಿಸನನ್ನು 'ನಡುಗಿದವ' ಎಂದು ಸಾರಿದ ದಿನ ಅಮ್ಮ ನನ್ನನ್ನು ಕರೆದುಕೊಂಡು ಅವನ ಮನೆಗೆ ಹೋಗಿದ್ದಳು. ಅಳಲಿಲ್ಲ, ಬೇಡಲಿಲ್ಲ. ಹುಡುಗ ವಾಪಸ್ಸು ಬಂದಿದ್ದನ್ನು ಯಾರಾದರೂ ಒಬ್ಬರು ಹೇಳಬೇಕಲ್ಲ ಎಂದಳು. ಮಾವ ಬಹಳ ಹೊತ್ತು ನಾಯಿಯ ಕಿವಿ ಸವರುತ್ತ ಕೂತಿದ್ದ. ಆಮೇಲೆ ಬಾಯಿ ತೆರೆದು, "ನೋಡೋಣ" ಅಂದ.

ಅಷ್ಟೇ. ನೋಡೋಣ ಅಂದರೆ ಏನು ಅಂತ ಯಾರಿಗೆ ಗೊತ್ತಿಲ್ಲ? ಸಾಲ ಕೇಳಿದವನಿಗೆ, ಹೆಣ್ಣು ಕೇಳಿದವನಿಗೆ, ದಾರಿ ಬಿಡು ಎಂದವನಿಗೆ, ಎಲ್ಲರಿಗೂ ಅದೇ ಮಾತು. ಆಗುವುದಿಲ್ಲ ಅನ್ನಲು ಧೈರ್ಯವಿಲ್ಲದವರು ಹೇಳುವ ಮಾತು. ದಾರಿಯುದ್ದಕ್ಕೂ ನಾನು ಬೈದುಕೊಂಡೇ ಬಂದೆ. ಅದಾದ ಮೇಲೆ ಎರಡು ವರ್ಷ ಮಾವ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಸಿಕ್ಕರೆ ನೋಡುವನು, ಹೋಗುವನು. ನಿಕಿಪ್ಪಾ ಅತ್ತೆ, ಅಂದರೆ ಅವನ ಹೆಂಡತಿ, ನಮ್ಮನ್ನು ಕಂಡರೆ ಆ ಕಡೆಯ ದಾರಿ ಹಿಡಿಯುವಳು.

ಹೀಗಿರುವಾಗ ಹಿರಿಯರ ಸಭೆಯಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿ ಇರುವುದು ಇಪ್ಪತ್ತೆಂಟು ಜನ, ಜೊತೆಗೆ ಇಬ್ಬರು ರಾಜರು. ಒಬ್ಬರು ಸತ್ತರಷ್ಟೇ ಇನ್ನೊಬ್ಬರು ಒಳಗೆ. ಪ್ರಾಣ ತೆಗೆಯುವ, ಮಾನ ತೆಗೆಯುವ ತೀರ್ಪೆಲ್ಲ ಅವರದೇ. ಅರವತ್ತಾದ ಮುದುಕರು ಯಾರು ಬೇಕಾದರೂ ತಾನು ಬರುತ್ತೇನೆ ಎಂದು ನಿಲ್ಲಬಹುದು. ಮಾವ ನಿಂತ. ಊರಿಗೆ ಊರೇ ಬೆರಗಾಯಿತು, ಯಾಕೆಂದರೆ ಅವನು ಯಾವತ್ತೂ ಯಾವುದಕ್ಕೂ ನಿಂತವನಲ್ಲ. ಜೀವಮಾನದಲ್ಲಿ ಅವನು ಆಸೆಪಟ್ಟು ಕೇಳಿದ್ದು ಒಂದೇ, ಇನ್ನೊಂದು ಸೌಟು ಸಾರು. ಮುದುಕನಿಗೆ ಈ ವಯಸ್ಸಿನಲ್ಲಿ ಚಪಲ ಹುಟ್ಟಿತು ಎಂದರು. ಆ ಸಲ ಅವನು ಸೋತ. ನಮ್ಮಲ್ಲಿ ಹಿರಿಯರನ್ನು ಆರಿಸುವುದು ಜನರ ಕೂಗಿನಿಂದ; ಯಾರು ಮೊದಲು ಜನರ ಮುಂದೆ ನಡೆಯಬೇಕೆಂದು ಹರಳು ಎತ್ತಿದಾಗ ಅವನಿಗೆ ಮೊದಲ ಸರದಿ ಬಂದಿತ್ತು. ಮೊದಲು ಬಂದವನಿಗೆ ಜನರ ಗಂಟಲು ಇನ್ನೂ ತೆರೆದಿರುವುದಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಇನ್ನೊಬ್ಬ ಹಿರಿಯ ಸತ್ತ. ಮಾವ ಮತ್ತೆ ನಿಂತ. ನನಗೆ ಮೈಯೆಲ್ಲ ಉರಿಯಿತು. ತಂಗಿಯ ಮನೆಯ ಕಡೆ ನೋಡಲು ಪುರಸೊತ್ತಿಲ್ಲದವನಿಗೆ ಊರ ಹಿರಿತನ ಬೇಕಂತೆ.

"ಅವನ ಬಗ್ಗೆ ಹಾಗನ್ಬೇಡ" ಎಂದಳು ಅಮ್ಮ.

"ಅಂದ್ರೇನಾಯ್ತು? ನಮ್ಮನ್ನ ತೊಳೆದುಕೊಂಡ್ರೆ ತಾನೇ ಅವನು ಗೆಲ್ಲೋದು?"

"ತೊಳೆದುಕೊಳ್ಲಿ. ಅವನಾದ್ರೂ ಚೊಕ್ಕಟವಾಗಿರ್ಲಿ" ಎಂದಳು. ಬೇಜಾರಿನಿಂದ ಹೇಳಲಿಲ್ಲ, ನಿಜವಾಗಿ ಹಾಗೇ ಅನ್ನಿಸಿ ಹೇಳಿದಳು. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಆರಿಸುವ ದಿನ ಊರ ಗಂಡಸರೆಲ್ಲ ಹಳ್ಳದ ಪಕ್ಕದ ಬಯಲಿನಲ್ಲಿ ಸೇರಿದರು. ನಮ್ಮ ಮನೆಯಿಂದ ಬಯಲು ಕಾಣುವುದಿಲ್ಲ, ಆದರೆ ಕೇಳುತ್ತದೆ. ಬಯಲಿನ ಪಕ್ಕದಲ್ಲಿ ಒಂದು ಮನೆಯಿದೆ. ಮೂವರನ್ನು ಅದರೊಳಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ನಿಂತ ಮುದುಕರು ಒಬ್ಬೊಬ್ಬರಾಗಿ ಜನರ ನಡುವೆ ತುಟಿ ಬಿಚ್ಚದೆ ನಡೆದುಹೋಗುತ್ತಾರೆ, ಜನ ಕೂಗುತ್ತಾರೆ. ಒಳಗಿರುವವರಿಗೆ ಯಾರು ಹೋದರೆಂದು ಕಾಣುವುದಿಲ್ಲ. ಮೊದಲನೆಯ ಕೂಗು ಎಷ್ಟು ದೊಡ್ಡದು, ಎರಡನೆಯದು ಎಷ್ಟು ದೊಡ್ಡದು ಎಂದು ಹಲಗೆಯ ಮೇಲೆ ಗೀರಿಕೊಳ್ಳುತ್ತಾರೆ. ಅತಿ ದೊಡ್ಡ ಕೂಗು ಯಾರದೋ ಅವನು ಹಿರಿಯ. ವರ್ಷವಿಡೀ ಬಾಯಿ ಮುಚ್ಚಿಕೊಂಡಿರುವ ನಮ್ಮ ಗಂಡಸರು ಗಂಟಲನ್ನು ಕೂಡಿಟ್ಟುಕೊಳ್ಳುವುದು ಈ ದಿನಕ್ಕಾಗಿಯೇ ಇರಬೇಕು.

ನಾವು ಮೂವರೂ ಅಂಗಳದಲ್ಲಿದ್ದೆವು. ಆ ಮುಚ್ಚಿದ ಮನೆಯ ಮೂವರ ಹಾಗೆ ನಮಗೂ ಏನೂ ಕಾಣುತ್ತಿರಲಿಲ್ಲ. ಅಮ್ಮ ತೆಲ್ಲಿಸನ ಬಲಗೆನ್ನೆಗೆ ಕತ್ತಿ ಹಿಡಿದಿದ್ದಳು. ಮೊದಲ ಕೂಗು ಬಂತು, ಪರವಾಗಿಲ್ಲ ಅನ್ನುವಂಥದ್ದು. ಎರಡನೆಯದು ಸ್ವಲ್ಪ ಜೋರು. ಮೂರನೆಯದು ಆಕಳಿಕೆಯಷ್ಟೇ. ಆಮೇಲೆ ಒಂದು ಗಳಿಗೆ ಎಲ್ಲ ಸುಮ್ಮನಾಯಿತು, ಆ ಮೌನದ ನಡುವೆ ಒಂದು ನಾಯಿ ಎರಡು ಸಲ ಬೊಗಳಿತು. ಅಮ್ಮನ ಕೈ ನಿಂತಿತು.

"ಬಿಯಾ" ಅಂದ ತೆಲ್ಲಿಸ್.

ಬಯಲಿನಲ್ಲಿ ಯಾರೋ ನಕ್ಕರು, ನಗು ಹಬ್ಬಿತು, ನಗುವಿನ ಬೆನ್ನಿಗೇ ಕೂಗು ಎದ್ದಿತು. ನಮ್ಮ ಮನೆಯ ಕೋಳಿಗಳು ಗೋಡೆ ಹತ್ತಿದವು. ಆಮೇಲೆ ಇನ್ನೊಬ್ಬ ಮುದುಕ ನಡೆದ, ಅವನ ಕೂಗು ಇದರ ಅರ್ಧಕ್ಕೂ ಬರಲಿಲ್ಲ. ನಲವತ್ತು ವರ್ಷ ಯಾರ ಬಗ್ಗೆಯೂ ಕೆಟ್ಟ ಮಾತಾಡದವನನ್ನು, ಒಳ್ಳೆಯ ಮಾತನ್ನೂ ಆಡದವನನ್ನು, ಜನ ಒಳಗೊಳಗೇ ಇಷ್ಟಪಟ್ಟಿದ್ದರು ಎಂದು ಕಾಣುತ್ತದೆ. ಅದು ಹೊರಗೆ ಬರಲು ಒಂದು ನಾಯಿ ಬೇಕಾಯಿತು. ಬೊಗಳಿದ್ದನ್ನು ಒಳಗಿದ್ದ ಮೂವರು ಕೂಗಿನ ಲೆಕ್ಕಕ್ಕೆ ಹಿಡಿದರೋ ಇಲ್ಲವೋ ಎಂದು ಊರಲ್ಲಿ ಈಗಲೂ ವಾದ ಮಾಡುವವರಿದ್ದಾರೆ.

ಅಮ್ಮ ಕೆನ್ನೆ ಬೋಳಿಸುವುದನ್ನು ಮುಗಿಸಿ ಕತ್ತಿ ಒರೆಸಿ ಒಳಗೆ ಹೋದಳು. ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ಗೆದ್ದವನು ತಲೆಗೆ ಎಲೆಯ ಮಾಲೆ ಕಟ್ಟಿಕೊಂಡು ದೇವಸ್ಥಾನಗಳನ್ನೆಲ್ಲ ಸುತ್ತಬೇಕು. ಹಿಂದೆ ಹುಡುಗರು, ಅವರ ಹಿಂದೆ ಹಾಡುವ ಹೆಂಗಸರು. ದಾರಿಯಲ್ಲಿ ನೆಂಟರು ಮನೆಯ ಮುಂದೆ ಮೇಜಿಟ್ಟು ತಿನಿಸು ಇಡುತ್ತಾರೆ, ಊರು ನಿನಗೆ ಈ ಮೇಜಿನ ಮರ್ಯಾದೆ ಮಾಡುತ್ತಿದೆ ಅನ್ನುತ್ತಾರೆ. ಒಡಹುಟ್ಟಿದ ತಂಗಿಯ ಮನೆಯಲ್ಲಿ ಮೊದಲ ಮೇಜು ಇರಬೇಕು. ನಾನು ಮೇಜು ಹೊರಗೆ ತರಲು ಹೋದೆ, ಅಮ್ಮ ಬಿಡಲಿಲ್ಲ. ನಡುಗಿದವನ ಮನೆಯ ತಿನಿಸು ಮುಟ್ಟಿದ ಎಂದು ಮೊದಲ ದಿನವೇ ಜನ ಆಡಿಕೊಳ್ಳುವುದು ಬೇಡ ಎಂದಳು. ಮೆರವಣಿಗೆ ಬಂತು. ಮಾವ ನಮ್ಮ ಬಾಗಿಲ ಮುಂದೆ ನಿಂತ. ಮೇಜು ಇರಬೇಕಾಗಿದ್ದ ಖಾಲಿ ನೆಲವನ್ನು ನೋಡಿದ, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ, ಮುಂದೆ ಹೋದ. ನಾಯಿ ಮಾತ್ರ ನಮ್ಮ ಹೊಸ್ತಿಲನ್ನು ಮೂಸಿ, ಬಾಲ ಅಲ್ಲಾಡಿಸಿ ಓಡಿತು. ಆ ಮನುಷ್ಯನಿಗಿಂತ ನಾಯಿಯೇ ವಾಸಿ ಎಂದು ನಾನು ಸಾಕಷ್ಟು ಜೋರಾಗಿಯೇ ಅಂದೆ.

ಇನ್ನು ಉಳಿದದ್ದು ಸಂಜೆಯ ಶಾಸ್ತ್ರ. ಹೊಸ ಹಿರಿಯನಿಗೆ ಆ ಸಂಜೆ ಪಂಕ್ತಿಯಲ್ಲಿ ಎರಡು ಪಾಲು ಬಡಿಸುತ್ತಾರೆ. ಒಂದನ್ನು ಉಣ್ಣುತ್ತಾನೆ. ಎರಡನೆಯದನ್ನು ಎತ್ತಿಟ್ಟುಕೊಂಡು ಊಟವಾದ ಮೇಲೆ ಬಾಗಿಲಿಗೆ ಬರುತ್ತಾನೆ. ಅಲ್ಲಿ ಅವನ ನೆಂಟರ ಹೆಂಗಸರೆಲ್ಲ ಕಾಯುತ್ತಿರುತ್ತಾರೆ. ತಾನು ಎಲ್ಲರಿಗಿಂತ ಹೆಚ್ಚು ಗೌರವಿಸುವ ಒಬ್ಬಳನ್ನು ಹೆಸರು ಹಿಡಿದು ಕರೆದು ಅವಳ ಕೈಗೆ ಅದನ್ನು ಕೊಡುತ್ತಾನೆ. ಉಳಿದ ಹೆಂಗಸರು ಅವಳನ್ನು ಹಾಡಿ ಹೊಗಳುತ್ತ ಮನೆಯವರೆಗೆ ಬಿಟ್ಟು ಬರಬೇಕು. ಹೆಣ್ಣಿಗೆ ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಅಮ್ಮ ಹೊರಡಲಿಲ್ಲ. ಸಂಜೆ ತೆಲ್ಲಿಸನ ಊಟದ ಹೊತ್ತು. ನಮ್ಮ ಮನೆಯಿಂದ ಒಬ್ಬರಾದರೂ ಇರಬೇಕು, ನೀನು ಹೋಗಿ ಹಿಂದೆ ನಿಲ್ಲು, ಮಾತಾಡಬೇಡ ಎಂದು ನನ್ನನ್ನು ಕಳಿಸಿದಳು. ಹೋದೆ, ಹಿಂದೆ ನಿಂತೆ. ಬಿಸಿಲು ಇನ್ನೂ ಟೈಗೆಟೊಸ್ ಬೆಟ್ಟದ ನೆತ್ತಿಯ ಮೇಲಿತ್ತು. ನಿಕಿಪ್ಪಾ ಅತ್ತೆ ಎಲ್ಲರಿಗಿಂತ ಮುಂದೆ, ಕೂದಲಿಗೆ ಎಣ್ಣೆ ಹಾಕಿ, ಮಡಿಕೆ ಬಿಚ್ಚಿದ ಹೊಸ ಉಡುಪು ಉಟ್ಟು ನಿಂತಿದ್ದಳು. ಮೂವತ್ತೈದು ವರ್ಷ ಆ ಮೂಕನ ಜೊತೆ ಬಾಳಿದವಳು. ಪಾಲು ಅವಳದೇ ಎಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಅವಳ ತಂಗಿ ನನ್ನನ್ನು ನೋಡಿ, ಓಡೋದನ್ನ ಕಲಿತ ಮನೆಯವರು ನಿಲ್ಲೋದನ್ನೂ ಕಲಿತಿದ್ದಾರಲ್ಲ ಎಂದಳು. ಅಮ್ಮನಿಗೆ ಮಾತು ಕೊಟ್ಟಿದ್ದರಿಂದ ನಾನು ನಾಲಿಗೆ ಕಚ್ಚಿಕೊಂಡೆ. ನಾಲಿಗೆಯಲ್ಲಿ ನಿಜವಾಗಿ ರಕ್ತ ಬಂತು.

ಮಾವ ಬಾಗಿಲಿಗೆ ಬಂದ. ಕೈಯಲ್ಲಿ ಮರದ ತಟ್ಟೆ. ಅದರಲ್ಲಿ ಎರಡು ರೊಟ್ಟಿ, ಬೇಯಿಸಿದ ಹಂದಿಮಾಂಸದ ತುಂಡು, ಆಡಿನ ಗಿಣ್ಣು, ನಾಲ್ಕು ಅಂಜೂರ. ಹಿಂದೆ ಪಂಕ್ತಿಯವರೆಲ್ಲ. ಅತ್ತೆ ಒಂದು ಹೆಜ್ಜೆ ಮುಂದಿಟ್ಟಳು.

"ಅರಾತಾ" ಎಂದು ಕರೆದ ಮಾವ.

ಅತ್ತೆಯ ಕಾಲು ಎತ್ತಿದಲ್ಲಿಯೇ ನಿಂತಿತು. ಮಾವ ಇನ್ನೊಂದು ಸಲ ಕರೆದ. ಅವಳು ಬಂದಿಲ್ಲ ಎಂದು ಹೇಳಲು ನನಗೆ ಬಾಯಿಯೇ ಬರಲಿಲ್ಲ, ಜೀವನದಲ್ಲಿ ಅದೊಂದೇ ಸಲ. ಪಂಕ್ತಿಯ ಹಿರಿಯ ಕೆಮ್ಮಿ, ಬಾಗಿಲಲ್ಲಿ ಇರುವವರಿಗೆ ಕೊಡಬೇಕು ಎನ್ನುವುದು ಪದ್ಧತಿ, ಇರುವವರಲ್ಲಿ ಒಬ್ಬರನ್ನು ಆರಿಸಿಕೋ ಎಂದ.

"ಬಾಗಿಲಲ್ಲಿ ಅಂತ ಇದೆ" ಎಂದ ಮಾವ. "ಎಷ್ಟೊತ್ತಿಗೆ ಅಂತ ಇಲ್ಲ."

ಹಾಗೆಂದು ಬಾಗಿಲ ಕಲ್ಲಿನ ಮೇಲೆ ಕೂತ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ. ನಮ್ಮಲ್ಲಿ ಕಾನೂನನ್ನು ಬರೆದಿಡುವುದಿಲ್ಲ, ಎಲ್ಲ ಬಾಯಿಯಲ್ಲೇ. ಹಾಗಾಗಿ ಯಾರಿಗೂ ಎದುರು ಮಾತು ಸಿಗಲಿಲ್ಲ. ಹಿರಿಯ ಕೂತಿರುವಾಗ ಚಿಕ್ಕವರು ಬಿಟ್ಟು ಹೋಗುವಂತಿಲ್ಲ. ಪಾಲು ಕೊಡುವ ತನಕ ಹೆಂಗಸರು ಹೋಗುವಂತಿಲ್ಲ. ಒಬ್ಬ ಮುದುಕ ಕೂತ, ಅರ್ಧ ಕೇರಿ ನಿಂತಿತು. ಬಿಯಾ ತಟ್ಟೆಯ ಮಾಂಸವನ್ನು ನೋಡುತ್ತ ಜೊಲ್ಲು ಸುರಿಸಿತು.

ಅತ್ತೆ ತಿರುಗಿ ನನ್ನನ್ನು ಹುಡುಕಿದಳು. ಅವಳ ಮುಖ ಬೆಂದುಹೋಗಿತ್ತು. "ಹೋಗೇ, ನಿಮ್ಮಮ್ಮನ್ನ ಕರ್ಕೊಂಡು ಬಾ" ಎಂದಳು. "ನಂಗೆ ಕಾಲು ನೋಯ್ತಿದೆ."

ಓಡಿದೆ. ನಮ್ಮ ಮನೆಯವರಿಗೆ ಓಡುವುದು ಚೆನ್ನಾಗಿ ಬರುತ್ತದೆ, ನಗಬೇಕಾದವರು ನಗಲಿ.

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ತೆಲ್ಲಿಸ್ ತಟ್ಟೆ ಇಟ್ಟುಕೊಂಡು ಕೂತಿದ್ದ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಮ್ಮ ಕೈ ನಿಲ್ಲಿಸಲಿಲ್ಲ. ಇವನ ಊಟವಾಗಲಿ, ಆಮೇಲೆ ನೋಡಿದರಾಯಿತು ಎಂದಳು. ಅಲ್ಲಿ ಅರ್ಧ ಕೇರಿ ಕಾಯುತ್ತಿದೆ ಎಂದೆ. ಕಾಯಲಿ, ಎರಡು ವರ್ಷ ಒಬ್ಬರೂ ಈ ಕಡೆ ಬರಲಿಲ್ಲ, ಅವರಿಗೆ ಕಾಲಿದೆ ಅನ್ನುವುದೇ ನನಗೆ ಮರೆತುಹೋಗಿತ್ತು ಎಂದಳು. ಅಮ್ಮನಿಗೂ ಒಳಗೆ ಸಿಟ್ಟಿತ್ತೆಂದು ನನಗೆ ಗೊತ್ತಾಗಿದ್ದು ಆಗಲೇ. ಗೊತ್ತಾಗಿ ಎಷ್ಟು ಸಮಾಧಾನವಾಯಿತೆಂದರೆ, ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ತೆಲ್ಲಿಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅಮ್ಮ, ಮಾವ ಅವತ್ತು ಏನಂದಿದ್ರು?"

"ನೋಡೋಣ ಅಂದಿದ್ದ."

"ನೋಡ್ತಾ ಕೂತಿದಾರೆ. ಹೋಗು."

ಅಮ್ಮ ಅವನ ಮುಖವನ್ನು ನೋಡಿದಳು, ಬೋಳಿಸಿದ ಕೆನ್ನೆಯನ್ನು, ಬೋಳಿಸದ ಕೆನ್ನೆಯನ್ನು. ಎರಡು ವರ್ಷದಲ್ಲಿ ಎರಡು ಸಲ ಸಭೆಗೆ ನಿಂತದ್ದು, ಒಮ್ಮೆ ಸೋತು ನಗೆಪಾಟಲಾದದ್ದು, ಎಲ್ಲ ಯಾವುದಕ್ಕೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಹೊಳೆದಿರಬೇಕು. ನನಗಂತೂ ಹೊಳೆಯಿತು. ಅಮ್ಮ ಕೈ ಕೂಡ ತೊಳೆಯದೆ ಎದ್ದಳು.

ನಾವು ಹೋದಾಗ ಮಾವ ಕೂತಲ್ಲೇ ಇದ್ದ. ಅಮ್ಮನನ್ನು ಕಂಡು ಎದ್ದ. ಜನ ದಾರಿ ಬಿಟ್ಟರು. ಕೂದಲು ಕೆದರಿಕೊಂಡು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಅಮ್ಮ ನಡುವೆ ನಡೆದಳು. ಮಾವ ಹೇಳಬೇಕಾದ್ದನ್ನು ಹೇಳಿದ: "ಊರು ಇದನ್ನ ನಂಗೆ ಮರ್ಯಾದೆ ಅಂತ ಕೊಡ್ತು. ಮರ್ಯಾದೆ ಅಂತಲೇ ನಿಂಗೆ ಕೊಡ್ತೀನಿ."

ಅಮ್ಮ ತಟ್ಟೆಗೆ ಕೈ ಚಾಚಲಿಲ್ಲ. "ಅಣ್ಣ, ಇಸ್ಕೊಂಡು ನಾನೇನ್ ಮಾಡ್ಲಿ?"

ಮಾವ ಪಂಕ್ತಿಯವರ ಕಡೆ ಒಮ್ಮೆ ನೋಡಿದ. "ಹೆಂಗಸಿನ ಕೈಗೆ ಕೊಡ್ಬೇಕು ಅಂತ ಪದ್ಧತಿ. ಕೊಟ್ಟ ಮೇಲೆ ಅದು ನಿಂದು. ಅಲ್ಲಿಂದಾಚೆಗೆ ಯಾವ ಪದ್ಧತೀನೂ ಇಲ್ಲ."

ಅವನ ಪಾಲಿಗೆ ಅದು ಭಾಷಣ. ಎಲ್ಲರಿಗೂ ಅರ್ಥವಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ. ಅಮ್ಮ ಹಿಟ್ಟಿನ ಕೈಯಲ್ಲೇ ತಟ್ಟೆ ತೆಗೆದುಕೊಂಡಳು.

ಈಗ ಹಾಡಬೇಕು. ಹಾಡಿನ ಧಾಟಿ ಎಲ್ಲ ಹೆಂಗಸರಿಗೂ ಬಾಯಿಪಾಠ: ಇಂಥವನ ಮಗಳು, ಇಂಥವನ ತಂಗಿ, ಇಂಥವನ ಹೆಂಡತಿ, ಇಂಥವನ ತಾಯಿ. ಹೆಸರು ತುಂಬಿಕೊಂಡು ಹೋದರಾಯಿತು. ಆದರೆ ಕೊನೆಯ ಹೆಸರನ್ನು ಎರಡು ವರ್ಷದಿಂದ ಊರಲ್ಲಿ ಯಾರೂ ಬಾಯಿಯಿಂದ ಹೇಳಿರಲಿಲ್ಲ. ಅದನ್ನು ಹಾಡಿನಲ್ಲಿ ಹೇಳುವವರು ಯಾರು? ಅಮ್ಮ ತಟ್ಟೆ ಹಿಡಿದು ನಿಂತೇ ಇದ್ದಳು. ಕಿವಿ ಕೆಂಪಾಗತೊಡಗಿತ್ತು.

ಹಾಡು ಎತ್ತಿದ್ದು ನಿಕಿಪ್ಪಾ ಅತ್ತೆ. ಧ್ವನಿ ಒಡೆದಿತ್ತು, ಶ್ರುತಿ ಎಲ್ಲೋ ಇತ್ತು, ಆದರೆ ಎತ್ತಿದಳು. ತಾತನ ಹೆಸರು ಹೇಳಿದಳು, ಮಾವನ ಹೆಸರನ್ನು ಹಲ್ಲು ಕಚ್ಚಿಕೊಂಡು ಹೇಳಿದಳು, ಅಪ್ಪನ ಹೆಸರು ಹೇಳಿದಳು. ಆಮೇಲೆ ಉಸಿರು ಎಳೆದುಕೊಂಡು, "ತೆಲ್ಲಿಸನ ತಾಯಿ" ಎಂದು ಹಾಡಿದಳು, ಎಲ್ಲಕ್ಕಿಂತ ಜೋರಾಗಿ. ನಾನು ಸೇರಿಕೊಂಡೆ. ನನ್ನ ಹಿಂದೆ ಇನ್ನೊಬ್ಬಳು. ಕೊನೆಗೆ ಅತ್ತೆಯ ತಂಗಿಯೂ ಬಾಯಿ ಅಲ್ಲಾಡಿಸಿದಳು. ಬಹಳ ವರ್ಷದ ಮೇಲೆ, ಹಾಗೇಕೆ ಮಾಡಿದೆ ಎಂದು ಅತ್ತೆಯನ್ನು ಕೇಳಿದ್ದೆ. ಆ ಸಂಜೆಯಾದ ಮೇಲೆ ಮೂರು ದಿನ ಗಂಡನ ಜೊತೆ ಮಾತು ಬಿಟ್ಟಿದ್ದಳಂತೆ. ಅವನಿಗೆ ಅದು ಗೊತ್ತೇ ಆಗಲಿಲ್ಲವಂತೆ. "ಆದ್ರೆ ಹಾಡಲ್ಲಿ ತೂತು ಬಿಡಕ್ಕಾಗುತ್ತೇನೇ?" ಎಂದಳು.

ಹಾಡುತ್ತ ನಮ್ಮ ಬಾಗಿಲವರೆಗೂ ಬಂದರು. ಅಲ್ಲಿ ನಿಂತರು. ಒಳಗೆ ತೆಲ್ಲಿಸ್ ಕೂತಿದ್ದವನು ನಿಯಮದಂತೆ ಎದ್ದು ಗೋಡೆಗೆ ಒತ್ತಿಕೊಂಡು ನಿಂತ. ತನ್ನ ಹೆಸರು ಬೀದಿಯಿಂದ ಬಂದದ್ದನ್ನು ಅವನು ಕೇಳಿದ್ದ, ಮೈ ನಡುಗುತ್ತಿತ್ತು. ಹೌದು, ನಡುಗುತ್ತಿತ್ತು. ಅಮ್ಮ ತಟ್ಟೆಯನ್ನು ಅವನ ಜಾಗದ ಮುಂದೆ ಇಟ್ಟಳು.

"ಕೂತ್ಕೊ" ಎಂದಳು.

ಅವನು ಬಾಗಿಲಲ್ಲಿದ್ದ ಜನರನ್ನು ನೋಡಿದ. ಎಲ್ಲರೂ ನಿಂತಿದ್ದಾರೆ, ತಾನು ಕೂರುವಂತಿಲ್ಲ. ಎಲ್ಲರ ಹಿಂದೆ, ಮಾಲೆ ಓರೆಯಾಗಿ ಕಿವಿಗೆ ಜಾರಿದ್ದ ಮಾವನನ್ನು ನೋಡಿದ. ಮಾವ ಕೂರು ಅನ್ನುವಂತೆ ತಲೆಯನ್ನು ಒಂದಿಷ್ಟು ಆಡಿಸಿದ. ತೆಲ್ಲಿಸ್ ಕೂತ. ರೊಟ್ಟಿ ಮುರಿದ. ಮರ್ಯಾದೆಯ ಪಾಲಿನ ಆ ರೊಟ್ಟಿಯಲ್ಲಿ ಅರ್ಧವನ್ನು ಎಂದಿನಂತೆ ಅಮ್ಮನಿಗೆ ಕೊಟ್ಟ, ಅವಳು ಎಂದಿನಂತೆ ಅವನಿಗೂ ಗೋಡೆಗೂ ನಡುವೆ ಹೋಗಿ ಕೂತಳು. ಊರು ನೋಡುತ್ತಿರುವಾಗ ಅವನು ಉಂಡ. ಕೂಗಿದವರಿಲ್ಲ, ಬೈದವರಿಲ್ಲ.

ಮಾಂಸದ ವಾಸನೆಗೆ ಬಿಯಾ ಹೆಂಗಸರ ಕಾಲ ಸಂದಿಯಲ್ಲಿ ನುಗ್ಗಿ ಒಳಗೆ ಹೋಯಿತು. ಎರಡು ವರ್ಷದಲ್ಲಿ ನಮ್ಮ ಹೊಸ್ತಿಲು ದಾಟಿದ ಮೊದಲ ಅತಿಥಿ ಅದೇ. ಅದನ್ನು ಹಿಡಿಯುತ್ತೇನೆಂದು ಅತ್ತೆ ಹಿಂದೆಯೇ ಒಳಗೆ ಬಂದಳು. ನಾಯಿಯನ್ನು ಹಿಡಿದಳು, ಹೊರಗೆ ಹೋಗಲಿಲ್ಲ. ಕಾಲು ನೋವೆಂದು ಅಲ್ಲೇ ಮಣೆಯ ಮೇಲೆ ಕೂತು ಒಂದು ಅಂಜೂರ ತೆಗೆದುಕೊಂಡು ತಿಂದಳು.

ಮಾವ ಹೊಸ್ತಿಲವರೆಗೆ ಬಂದ. ತೆಲ್ಲಿಸ್ ತಟ್ಟೆ ನೋಡುತ್ತಲೇ, ಎರಡು ವರ್ಷದಲ್ಲಿ ಮೊದಲ ಸಲ ಅವನ ಜೊತೆ ಮಾತಾಡಿದ. "ಮಾವ, ಸಭೆಯಲ್ಲಿ... ಬಂದ ನಲವತ್ತು ಹೆಜ್ಜೆ ಯಾರಾದ್ರೂ ಎಣಿಸ್ತಾರಾ?"

ಮಾವ ಮಾಲೆಯನ್ನು ಸರಿ ಮಾಡಿಕೊಂಡ. "ನೋಡೋಣ" ಎಂದ.

ಅಮ್ಮ ಜೋರಾಗಿ ನಕ್ಕುಬಿಟ್ಟಳು. ಅವಳ ನಗು ಹೇಗಿತ್ತೆಂದು ನನಗೆ ಮರೆತೇಹೋಗಿತ್ತು.

ಎಲ್ಲರೂ ಹೋದ ಮೇಲೆ ತಟ್ಟೆ ತೊಳೆದಿಟ್ಟು, ಕ್ಷೌರದ ಕತ್ತಿಯನ್ನು ನೋಡಿ ನನ್ನ ಕೆಲಸ ನೆನಪಾಯಿತು. ಬೆಳಿಗ್ಗೆ ನೀರು ಕಾಯಿಸಲೇ ಎಂದು ಅಮ್ಮನನ್ನು ಕೇಳಿದೆ.

ಅವಳು ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಳು. "ನೋಡೋಣ" ಎಂದಳು.